ಮಾಲೆ ಹಾಕಿಸುವ ಮೊದಲು ಒಮ್ಮೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ

ನವೆಂಬರ್ ಹತ್ತಿರ ಬಂದ ಹಾಗೆ ನಮ್ಮ ಕೊಡಗಿನ ಸುಂಟಿಕೊಪ್ಪ, ಸಿದ್ದಾಪುರ ಕಡೆಯ ಕಾಫಿ ತೋಟಗಳಲ್ಲಿ ಕುಡಿಯುವವರ ಬಗ್ಗೆ ಒಂದು ಮಾತು ಶುರುವಾಗುತ್ತದೆ. "ಈ ಸಲ ಅವನಿಗೆ ಮಾಲೆ ಹಾಕಿಸಿಬಿಡಿ. ಒಂದು ಮಂಡಲ ಮುಟ್ಟೋದಿಲ್ಲ. ಆಮೇಲೆ ತಾನಾಗೇ ಬಿಟ್ಟುಹೋಗುತ್ತೆ."

ಹೇಳುವವರ ಮನಸ್ಸು ಒಳ್ಳೆಯದೇ. ಅಯ್ಯಪ್ಪನ ವ್ರತ ಹಿಡಿದು ಕುಡಿತ ಬಿಟ್ಟವರು ಇದ್ದಾರೆ, ನಾನೂ ನೋಡಿದ್ದೇನೆ. ಆದರೆ ದಿನಾ ಕುಡಿಯುವವನ ವಿಷಯ ಬೇರೆ. ಬೆಳಗ್ಗೆ ಎದ್ದ ಕೂಡಲೇ ಕೈ ನಡುಗುವವನು, ಒಂದು ಪ್ಯಾಕೆಟ್ ಒಳಗೆ ಹೋದ ಮೇಲೆ ಮಾತ್ರ ನಡುಕ ನಿಲ್ಲುವವನು, ಒಂದೇ ದಿನಕ್ಕೆ ಪೂರ್ತಿ ಬಿಟ್ಟರೆ ಜೀವಕ್ಕೇ ಅಪಾಯ ಬರಬಹುದು. ಇದು ನಮ್ಮಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮ ಪಕ್ಕದ ತೋಟದ ಲೈನ್ ಮನೆಯಲ್ಲಿ, ಅಂದರೆ ಕೆಲಸದವರ ಸಾಲುಮನೆಯಲ್ಲಿ, ಒಬ್ಬ ಇದ್ದಾನೆ. ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಸವರುವುದರಲ್ಲಿ ಎತ್ತಿದ ಕೈ. ಮನೆಯವರೆಲ್ಲ ಸೇರಿ ಅವನಿಗೆ ಮಾಲೆ ಹಾಕಿಸಿದರು. ಮೊದಲ ದಿನ ಬೆವರು, ನಡುಕ, ವಾಂತಿ. ಎರಡನೆಯ ರಾತ್ರಿ ಕಣ್ಣು ಮುಚ್ಚಲಿಲ್ಲ. ಮೂರನೆಯ ದಿನ ಸಂಜೆ ಗೋಡೆ ಮೇಲೆ ಹುಳ ಹರಿಯುತ್ತಿವೆ ಅಂತ ಅಂಗೈಯಲ್ಲಿ ಒರೆಸತೊಡಗಿದ. ಕಂಬಳಿ ಮೇಲಿಂದ ಇಲ್ಲದ್ದನ್ನು ಹೆಕ್ಕಿ ಹೆಕ್ಕಿ ಬಿಸಾಡುತ್ತಿದ್ದ. ಹೆಂಡತಿಯ ಗುರುತು ಸಿಗಲಿಲ್ಲ. "ಆನೆ ಒಳಗೆ ಬಂತು, ಮಕ್ಕಳನ್ನು ಎತ್ತಿಕೋ" ಅಂತ ಕೂಗಿ ಬಾಗಿಲ ಕಡೆ ಓಡಿದ.

ಸುತ್ತ ಸೇರಿದವರು, ವ್ರತದಲ್ಲಿ ಏನೋ ಮೈಲಿಗೆಯಾಗಿದೆ, ಸ್ವಾಮಿಗೆ ಕೋಪ ಬಂದಿದೆ ಅಂದರು. ತಾಯತ ಕಟ್ಟುವವರನ್ನು ಕರೆತರಲು ಒಬ್ಬ ಹೊರಟೂ ಆಗಿತ್ತು. ತೋಟದ ಲೆಕ್ಕ ಬರೆಯುವ ರೈಟರ್ ಮಾತ್ರ "ಅದನ್ನೆಲ್ಲ ನಾಳೆ ನೋಡೋಣ, ಮೊದಲು ಜೀಪು ಹತ್ತಿಸಿ" ಅಂದರು. ರಾತ್ರಿಯೇ ಮಡಿಕೇರಿಗೆ ಕರೆದುಕೊಂಡು ಹೋದರು. ಬದುಕಿದ.

ಅವನಿಗೆ ಆಗಿದ್ದಕ್ಕೆ ಡಾಕ್ಟರುಗಳು ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ಮದ್ಯ ಮೆದುಳನ್ನು ಮಂದ ಮಾಡುತ್ತದೆ. ವರ್ಷಗಟ್ಟಲೆ ಕುಡಿದವರ ಮೆದುಳು ಆ ಮಂಪರನ್ನು ಮೀರಿ ಕೆಲಸ ಮಾಡಲು ತನ್ನ ಓಟವನ್ನೇ ಜೋರು ಮಾಡಿಕೊಂಡಿರುತ್ತದೆ. ಮದ್ಯ ಇದ್ದಕ್ಕಿದ್ದಂತೆ ನಿಂತರೆ ಆ ಓಟಕ್ಕೆ ತಡೆ ಇರುವುದಿಲ್ಲ. ಕೆಲವೇ ಗಂಟೆಗಳಲ್ಲಿ ನಡುಕ ಶುರು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಸಾಮಾನ್ಯವಾಗಿ ಎರಡರಿಂದ ನಾಲ್ಕನೆಯ ದಿನದೊಳಗೆ ಈ ಭ್ರಮೆ, ಜ್ವರ, ಎದೆ ಬಡಿತ ಏರುವುದು. ಎಲ್ಲರಿಗೂ ಹೀಗಾಗುವುದಿಲ್ಲ. ಆದವರಿಗೆ ಚಿಕಿತ್ಸೆ ಸಿಗದಿದ್ದರೆ ಸಾಯಲೂಬಹುದು. ಆಸ್ಪತ್ರೆಯಲ್ಲಾದರೆ ನಡುಕ ಇಳಿಸುವ ಮಾತ್ರೆ ಕೊಟ್ಟು ದಿನದಿಂದ ದಿನಕ್ಕೆ ಕಡಿಮೆ ಮಾಡುತ್ತಾ ಬರುತ್ತಾರೆ. ವಿಟಮಿನ್ ಬಿ1 ಕೊಡುತ್ತಾರೆ. ಸಾಮಾನ್ಯವಾಗಿ ಒಂದು ವಾರ, ಹತ್ತು ದಿನದ ಕೆಲಸ. ಅದಾದ ಮೇಲೆ ಧಾರಾಳವಾಗಿ ಮಾಲೆ ಹಾಕಲಿ, ಮಲೆ ಹತ್ತಲಿ. ದೇವರಿಗೂ ಡಾಕ್ಟರಿಗೂ ಇಲ್ಲಿ ಜಗಳವೇ ಇಲ್ಲ.

ಇದೇ ಅಪಾಯ ಇನ್ನೊಂದು ದಾರಿಯಲ್ಲೂ ಬರುತ್ತದೆ. ಮರದಿಂದ ಬಿದ್ದು ಕಾಲು ಮುರಿದು ಆಸ್ಪತ್ರೆ ಸೇರುತ್ತಾರೆ. ಡಾಕ್ಟರು "ಕುಡೀತೀರಾ?" ಅಂದರೆ ಮನೆಯವರು ಮರ್ಯಾದೆಗೆ ಅಂಜಿ "ಇಲ್ಲ ಸಾರ್, ಹಬ್ಬಕ್ಕೆ ಸ್ವಲ್ಪ" ಅನ್ನುತ್ತಾರೆ. ಮೂರನೆಯ ದಿನ ಆ ಮನುಷ್ಯ ಪ್ಲಾಸ್ಟರ್ ಕಾಲಲ್ಲೇ ಹಾಸಿಗೆಯಿಂದ ಇಳಿದು ಓಡಲು ನೋಡುತ್ತಾನೆ. ದಯವಿಟ್ಟು ನಿಜ ಹೇಳಿ. ಎಷ್ಟು ಕುಡಿಯುತ್ತಾನೆ, ಕೊನೆಯ ಸಲ ಯಾವಾಗ ಕುಡಿದ, ಎರಡನ್ನೂ ಹೇಳಿ. ಗ್ಲೂಕೋಸ್ ಹಾಕುವ ಮೊದಲು ಬಿ1 ಕೊಡಬೇಕಾ ಅನ್ನುವುದೂ ಆ ಉತ್ತರದ ಮೇಲೇ ನಿಂತಿದೆ.

ಹಾಗೆಯೇ ಕುಡಿತ ಬಿಡಿಸುತ್ತದೆ ಅಂತ ಮಾರುವ ಆ ಗುಟ್ಟಿನ ಪುಡಿ. "ಸಾರಲ್ಲಿ ಬೆರೆಸಿ ಕೊಡಿ, ಅವರಿಗೆ ಗೊತ್ತೇ ಆಗೋದಿಲ್ಲ" ಅಂತ ಮಾರುತ್ತಾರಲ್ಲ, ಅದರಲ್ಲಿ ಏನಿದೆ ಅಂತ ಮಾರುವವರಿಗೂ ಸರಿಯಾಗಿ ತಿಳಿದಿರುವುದಿಲ್ಲ. ಡೈಸಲ್ಫಿರಾಂ ಅನ್ನುವ ಮಾತ್ರೆ ನಿಜಕ್ಕೂ ಇದೆ. ಅದನ್ನು ತಿಂದವರು ಕುಡಿದರೆ ಮುಖ ಕೆಂಪೇರುತ್ತದೆ, ವಾಂತಿ ಆಗುತ್ತದೆ, ಬಿಪಿ ಕುಸಿಯುತ್ತದೆ. ಕುಡಿಯಬಾರದು ಅಂತ ತಿಳಿದು, ಒಪ್ಪಿ, ಡಾಕ್ಟರ ಕಣ್ಣಳತೆಯಲ್ಲಿ ತೆಗೆದುಕೊಳ್ಳುವವರಿಗೆ ಅದು ಸಹಾಯವೇ. ತಿಳಿಯದೆ ತಿಂದವರು ಸಂಜೆ ಕುಡಿದರೆ ಪ್ರಾಣಕ್ಕೇ ಕುತ್ತು. ಬೇರೆ ದಾರಿ ಕಾಣದೆ ಹೆಂಡತಿ ಈ ಕೆಲಸಕ್ಕೆ ಇಳಿಯುತ್ತಾಳೆ. ಅವಳನ್ನು ಬೈಯಲು ನನಗೆ ಮನಸ್ಸಿಲ್ಲ. ಅವಳಿಗೆ ದಾರಿ ತೋರಿಸದವರು ನಾವೆಲ್ಲ.

ಕುಡಿತ ನಮ್ಮ ಜಿಲ್ಲೆಯಲ್ಲಿ ತಪ್ಪು ಅಂತ ಅನಿಸುವ ವಸ್ತುವೇ ಅಲ್ಲ. ಮದುವೆ ಮನೆ, ಪುತ್ತರಿ, ಕೈಲ್‌ಪೊಳ್ದ್ ಹಬ್ಬಗಳು, ಬಂದ ನೆಂಟರ ಉಪಚಾರ, ಎಲ್ಲದರಲ್ಲೂ ಇದೆ. ನಾನು ಅದನ್ನು ದೂರುತ್ತಿಲ್ಲ. ಆದರೆ ಎಲ್ಲರೂ ಕುಡಿಯುವ ಕಡೆ ಕಾಯಿಲೆ ಬಿದ್ದವನು ಬೇಗ ಕಣ್ಣಿಗೆ ಬೀಳುವುದಿಲ್ಲ. "ಎಷ್ಟು ಕುಡೀತಾನೆ" ಅಂತ ಅಳೆಯಲು ಹೋದರೆ ಪಕ್ಕದವನು ಅವನಿಗಿಂತ ಜಾಸ್ತಿ ಕುಡಿಯುತ್ತಿರುತ್ತಾನೆ. ಅಳತೆ ಬಿಟ್ಟು ಬದಲಾವಣೆ ನೋಡಿ. ಮೊದಲು ಜೊತೆಗೆ ಕೂತು ಕುಡಿಯುತ್ತಿದ್ದವನು ಈಗ ಒಬ್ಬನೇ ಕುಡಿಯುತ್ತಾನಾ? ಕಡಿಮೆ ಮಾಡುತ್ತೇನೆ ಅಂತ ತಾನೇ ಹೇಳಿ ಆಗದೆ ಸೋತಿದ್ದಾನಾ? ಬಾಟಲಿ ಬಚ್ಚಿಡುತ್ತಾನಾ? ಕುಡಿತದ ಮಾತು ಬಂದರೆ ಸಿಡುಕುತ್ತಾನಾ? ಬೆಳಗ್ಗೆಯೇ ಬೇಕಾಗುತ್ತದಾ? ಇವುಗಳಲ್ಲಿ ಎರಡು ಮೂರಕ್ಕೆ ಹೌದು ಅಂದರೆ ಸಾಕು, ತೋರಿಸಲು ತಡಮಾಡಬೇಡಿ.

ಇನ್ನು ಕುಡಿತದ ಕೆಳಗೆ ಕೂತ ಕಾಯಿಲೆ. ನನಗೆ ಜಾಸ್ತಿ ಸಂಕಟ ಆಗುವುದು ಇಲ್ಲೇ. ಸೋಮವಾರಪೇಟೆ ಹತ್ತಿರ ನಮಗೆ ಬೇಕಾದ ಒಬ್ಬ ಸಣ್ಣ ಬೆಳೆಗಾರರು ಇದ್ದಾರೆ. ಕೆಲಸದಲ್ಲಿ ಕಟ್ಟುನಿಟ್ಟು. ಮಳೆಗೆ ಮುಂಚೆ ಮೆಣಸಿನ ಬಳ್ಳಿಗೆ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯದೆ ಬಿಟ್ಟವರೇ ಅಲ್ಲ. ಒಂದು ವರ್ಷ ಹೊಡೆಯಲಿಲ್ಲ. ಮೈಲುತುತ್ತು, ಸುಣ್ಣ ತಂದಿಟ್ಟದ್ದು ಶೆಡ್ಡಿನಲ್ಲೇ ಇತ್ತು. ಫೋನ್ ಎತ್ತುವುದು ನಿಂತಿತು. ಕೊಯ್ಲಿನಲ್ಲಿ ಕಣದಲ್ಲಿ ಹರವಿದ ಕಾಫಿಯನ್ನು ಸಂಜೆ ರಾಶಿ ಮಾಡಿ ಮುಚ್ಚಲೂ ಇಲ್ಲ, ಇಬ್ಬನಿಗೆ ನೆನೆಯಲು ಬಿಟ್ಟರು. ನಸುಕಿಗೆ ಮೂರು ಗಂಟೆಗೇ ಎಚ್ಚರವಾಗಿ ಜಗಲಿಯಲ್ಲಿ ಕೂರುತ್ತಿದ್ದರು. ಸಂಜೆ ನಿದ್ದೆಗೆ ಅಂತ ಶುರುವಾದ ಕುಡಿತ ಮಧ್ಯಾಹ್ನಕ್ಕೆ ಬಂತು. ಊರವರು ನೋಡಿದ್ದು ಕುಡಿತವನ್ನು ಮಾತ್ರ. "ಕಾಫಿಗೆ ಇಷ್ಟು ಒಳ್ಳೆ ರೇಟ್ ಬಂದಿದೆ, ಇವರಿಗೇನು ಕಷ್ಟ? ದುಡ್ಡಿನ ಸೊಕ್ಕು" ಅಂದರು. ಅದು ಖಿನ್ನತೆ. ಖಿನ್ನತೆಗೆ ಕಾಫಿ ರೇಟ್ ಗೊತ್ತಿಲ್ಲ. ಡಾಕ್ಟರು ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಕೊಟ್ಟ ಮೇಲೆ ಅವರು ಪುನಃ ತೋಟಕ್ಕೆ ಇಳಿದರು.

ನಿದ್ದೆ, ಊಟ, ಕೆಲಸದಲ್ಲಿ ಆಸಕ್ತಿ ಎರಡು ವಾರಕ್ಕಿಂತ ಜಾಸ್ತಿ ಕೆಟ್ಟರೆ, ಅದಕ್ಕೆ ಮಳೆಗಾಲದ ನೆಪ ಹೇಳಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಜು, ಮಳೆ, ಕರೆಂಟ್ ಇಲ್ಲದ ರಾತ್ರಿಗಳು ನಮಗೆಲ್ಲ ಬೇಸರ ತರುತ್ತವೆ, ಒಪ್ಪುತ್ತೇನೆ. ಆದರೆ ಬಿಸಿಲು ಬಂದರೂ ಆ ಬೇಸರ ಹೋಗದಿದ್ದರೆ? 2018ರ ಆಗಸ್ಟ್‌ನ ಭೂಕುಸಿತ ನೋಡಿದ ಕೆಲವು ಮನೆಗಳಲ್ಲಿ ಈಗಲೂ ಜೋರು ಮಳೆ ಹಿಡಿದರೆ ಬಟ್ಟೆ ಕಟ್ಟಿಟ್ಟು ಬೆಳಗಿನವರೆಗೆ ಕೂರುವವರಿದ್ದಾರೆ. ಅದೂ ತೋರಿಸಬೇಕಾದದ್ದೇ.

ಉತ್ಸಾಹ ವಿಪರೀತ ಏರುವುದೂ ಲಕ್ಷಣವೇ. ಎರಡು ಗಂಟೆ ಮಲಗಿದರೂ ಸುಸ್ತಿಲ್ಲ, ಬಿಡುವಿಲ್ಲದ ಮಾತು, ಸಾಲ ಮಾಡಿ ಹೋಂಸ್ಟೇ, ಇನ್ನೊಂದು ತೋಟ ಅಂತ ಒಂದೇ ವಾರದಲ್ಲಿ ಹತ್ತು ಯೋಜನೆ. ಹರೆಯದ ಹುಡುಗರು ಕೋಣೆ ಬಿಟ್ಟು ಹೊರಗೆ ಬಾರದೆ, ಯಾರೋ ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ, ಧ್ವನಿ ಕೇಳಿಸುತ್ತಿದೆ ಅನ್ನತೊಡಗಿದರೆ, ಜೊತೆಗೆ ಗಾಂಜಾ ಇದ್ದರಂತೂ, ಒಂದು ದಿನವೂ ಕಾಯಬೇಡಿ. ಇಂಥ ಕಾಯಿಲೆಗೆ ಬೇಗ ಚಿಕಿತ್ಸೆ ಶುರುವಾದಷ್ಟೂ ಒಳ್ಳೆಯದು.

ಮಾತಾಡುವುದು ಹೇಗೆ? ಕುಡಿದಾಗ ಬೇಡ. ಬೆಳಗ್ಗೆ, ಒಬ್ಬರೇ ಇದ್ದಾಗ. "ಕುಡುಕ" ಅನ್ನುವ ಮಾತು ಬಾಯಿಗೆ ಬರಬಾರದು. ಕಂಡದ್ದನ್ನಷ್ಟೇ ಹೇಳಿ. "ಅಣ್ಣ, ನೀವು ಮೂರು ಗಂಟೆಗೇ ಎದ್ದು ಕೂರ್ತೀರಿ. ಊಟ ಬಿಟ್ಟಿದ್ದೀರಿ. ನನಗೆ ಹೆದರಿಕೆ ಆಗ್ತಿದೆ. ಗುರುವಾರ ನಾನೂ ಬರ್ತೇನೆ, ಒಟ್ಟಿಗೆ ಹೋಗಿ ತೋರಿಸಿ ಬರೋಣ." ಧೈರ್ಯ ತಗೊಳ್ಳಿ, ಮಕ್ಕಳ ಮುಖ ನೋಡಿ, ಆಣೆ ಮಾಡಿ, ಇವೆಲ್ಲ ಬೇಡ. ಆಣೆ ಮುರಿದ ದಿನ ಅವರು ಇನ್ನೂ ಕೆಳಗೆ ಕುಸಿಯುತ್ತಾರೆ.

ಸಾಯುವ ಮಾತು ಬಂದರೆ, ಬರಬಹುದು ಅಂತ ಅನಿಸಿದರೂ, ನೇರವಾಗಿ ಕೇಳಿ: "ಸಾಯಬೇಕು ಅಂತ ಅನಿಸ್ತಿದೆಯಾ?" ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. ಕೊಡಗಿನಲ್ಲಿ ಇನ್ನೊಂದು ಕೆಲಸವೂ ಇದೆ. ಕೊಡವರಿಗೂ ಜಮ್ಮ (ಇಲ್ಲಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇದೆ, ಹಾಗಾಗಿ ಎಷ್ಟೋ ಮನೆಗಳಲ್ಲಿ ಕೋವಿ ಇರುತ್ತದೆ. ಅದು ಗೌರವದ ವಸ್ತು, ಗೊತ್ತು. ಆದರೂ ಮನೆಯಲ್ಲಿ ಒಬ್ಬರು ಇಂಥ ಸ್ಥಿತಿಯಲ್ಲಿ ಇರುವಾಗ ಅದು ಅವರ ಕೈಗೆ ಸಿಗಬಾರದು. ಬೇರೆ ಕಡೆ ಕ್ರಮಪ್ರಕಾರ ಇಡಿಸುವುದು ಹೇಗೆ ಅಂತ ಠಾಣೆಯಲ್ಲೇ ಕೇಳಿ. ತೋಟಕ್ಕೆ ತಂದ ಔಷಧಿ ಇಟ್ಟ ಶೆಡ್ಡಿಗೂ ಬೀಗ ಹಾಕಿ, ಕೀ ಬೇರೆಯವರ ಹತ್ತಿರ ಇರಲಿ. ಇಂಥ ಯೋಚನೆ ತೀವ್ರವಾಗಿರುವ ಹೊತ್ತು ಎಷ್ಟೋ ಸಲ ಚಿಕ್ಕದು. ಆ ಹೊತ್ತು ದಾಟಿಸಿದರೆ ಜೀವ ಉಳಿಯುತ್ತದೆ.

ಪೊಲೀಸ್ ಕೇಸ್ ಆಗುತ್ತದೆ ಅಂತ ಹೆದರಿ ಆಸ್ಪತ್ರೆಗೆ ತಡಮಾಡುವವರು ಈಗಲೂ ಇದ್ದಾರೆ. ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷೆ ಕೊಡಬಾರದು ಅನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ.

ಮನೆಯಿಂದಲೇ ಶುರು ಮಾಡಬೇಕೆಂದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಕಾಯಿಲೆಯವರೇ ಮಾಡಬೇಕು ಅಂತಿಲ್ಲ, ಹೆಂಡತಿಯೋ ತಮ್ಮನೋ ಮಾಡಿದರೂ ನಡೆಯುತ್ತದೆ. ಮದ್ಯ, ಡ್ರಗ್ಸ್ ವಿಷಯಕ್ಕೆ 14446 ಇದೆ. ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮಾನಸಿಕ ವಿಭಾಗ ಇದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಿಗೇ ತಜ್ಞರು ಬರುವ ಏರ್ಪಾಡು ರಾಜ್ಯದಲ್ಲಿದೆ. ಯಾವ ದಿನ ಬರುತ್ತಾರೆ ಅಂತ ಮೊದಲೇ ಕೇಳಿಕೊಂಡು ಹೋಗಿ. ಖಿನ್ನತೆಯ ಮಾತ್ರೆಯ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಒಂದು ವಾರ ತಿಂದು ಏನೂ ಆಗಲಿಲ್ಲ ಅಂತ ಬಿಡಬೇಡಿ. ಸ್ವಲ್ಪ ಹಗುರ ಆಯಿತು ಅಂತಲೂ ನೀವೇ ನಿಲ್ಲಿಸಬೇಡಿ.

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಿಮ್ಹಾನ್ಸ್ ನಡೆಸಿತು. ಮದ್ಯದ ಕಾಯಿಲೆ ಇದ್ದವರಲ್ಲಿ ಶೇ. 86 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ ಅಂತ ಅದರಲ್ಲಿ ಕಂಡುಬಂತು. ನಮ್ಮಲ್ಲಿ ರೈಲಿಲ್ಲ, ಕೊನೆ ಬಸ್ ತಪ್ಪಿದರೆ ಊರು ಸೇರುವುದು ಕಷ್ಟ, ಒಂದು ದಿನದ ಕೂಲಿ ಹೋಗುತ್ತದೆ. ಕಾರಣಗಳು ನನಗೂ ಗೊತ್ತು. ಅದಕ್ಕೇ ಜೊತೆಗೆ ಹೋಗುವವರು ಬೇಕು ಅನ್ನುತ್ತಿರುವುದು.

ವಾಪಸ್ ಬಂದವರ ಬಗ್ಗೆಯೂ ಒಂದು ಮಾತು. ಮದುವೆ ಮನೆಯಲ್ಲಿ ಅವರು ಬೇಡ ಅಂದರೆ ಒಂದೇ ಸಲಕ್ಕೆ ಬಿಟ್ಟುಬಿಡಿ. "ಒಂದರಿಂದ ಏನಾಗುತ್ತೆ ಮಾರಾಯ್ರೆ" ಅಂತ ಗ್ಲಾಸು ಹಿಡಿಯಬೇಡಿ, ಕಾರಣ ಕೇಳಬೇಡಿ, ಶರಬತ್ತು ಕೊಡಿ. ಮತ್ತೆ ಜಾರಿ ಕುಡಿದರೂ ಎಲ್ಲ ಮುಗಿಯಿತು ಅಂತಲ್ಲ. ಶುಗರ್, ಬಿಪಿ ಏರುಪೇರಾದಾಗ ಪುನಃ ಡಾಕ್ಟರ ಹತ್ತಿರ ಹೋಗುತ್ತೇವಲ್ಲ, ಇದಕ್ಕೂ ಹಾಗೇ ಹೋಗಬೇಕು.

ಸುಂಟಿಕೊಪ್ಪ ಸುತ್ತಮುತ್ತ ಯಾರಿಗಾದರೂ ಮಡಿಕೇರಿಗೆ ಹೋಗಲು ಜೊತೆ ಬೇಕಿದ್ದರೆ ಮೆಸೆಂಜರ್‌ನಲ್ಲಿ ಒಂದು ಸಾಲು ಬರೆಯಿರಿ. ಬರುತ್ತೇನೆ. ಯಾರು, ಯಾವ ಮನೆ ಅಂತ ನನ್ನ ಬಾಯಿಂದ ಹೊರಗೆ ಹೋಗುವುದಿಲ್ಲ.