ಮೇಲೆ ಥಳಕು, ಒಳಗೆ ಹುಳುಕು

ಹಾಳುಬಿದ್ದ ಹಳೇ ಮರದ ಮೋಟಾರ್ ಯಾಟ್ (ಎಂಜಿನ್ ಇರುವ ವಿಹಾರದ ದೋಣಿ) ಒಂದನ್ನು ಕೊಂಡು ಸರಿ ಮಾಡುತ್ತೇನೆ ಅಂತ ಹೊರಟವರನ್ನು ಕಂಡರೆ ನನಗೆ ಗೌರವವೂ ಇದೆ, ಸ್ವಲ್ಪ ಕನಿಕರವೂ ಇದೆ. ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಅಂದವರು ಈ ಮೂರನೆಯದನ್ನು ಕಂಡಿರಲಿಲ್ಲ, ಪಾಪ. ನನ್ನ ಹತ್ತಿರ ದೋಣಿ ಇಲ್ಲ, ಕೊಳ್ಳುವ ಆಲೋಚನೆಯೂ ಇಲ್ಲ. ಬೇರೆಯವರು ಅದರ ಜೊತೆ ಒದ್ದಾಡುವುದನ್ನು ನೋಡುವ ಚಪಲ ಮಾತ್ರ ಧಾರಾಳವಾಗಿದೆ.

ಇಂಥ ದೋಣಿಯನ್ನು ಹಾಳು ಮಾಡುವುದು ಸಮುದ್ರ ಅಂತ ನಾವು ಅಂದುಕೊಂಡಿರುತ್ತೇವೆ ಅಲ್ವಾ? ಪಾಪ, ಸಮುದ್ರದ ತಪ್ಪು ಅಷ್ಟೇನೂ ಇಲ್ಲ. ಮರವನ್ನು ಕೊಳೆಸುವುದು ಶಿಲೀಂಧ್ರ. ಅದಕ್ಕೆ ತೇವವೂ ಬೇಕು, ಗಾಳಿಯೂ ಬೇಕು, ಉಪ್ಪು ಮಾತ್ರ ಆಗಿಬರುವುದಿಲ್ಲ. ಹಾಗಾಗಿ ಸದಾ ಉಪ್ಪುನೀರಲ್ಲಿ ಮುಳುಗಿರುವ ಹಲಗೆ ಎಷ್ಟೋ ಸಲ ಗಟ್ಟಿಯಾಗೇ ಇರುತ್ತದೆ. ಡೆಕ್ಕಿನ, ಅಂದರೆ ದೋಣಿಯ ಮೇಲ್ಹಾಸಿನ, ಮೂಲೆಯ ಕೂದಲೆಳೆ ಬಿರುಕಿನಲ್ಲಿ ಇಳಿದ ಮಳೆನೀರೇ ನಿಜವಾದ ಶತ್ರು. ಅದು ಸದ್ದಿಲ್ಲದೆ ಕೆಳಗಿಳಿದು ತೊಲೆಯ ತುದಿಯಲ್ಲಿ ಕೂತುಬಿಡುತ್ತದೆ. ಮರದ ದೋಣಿ ಮೇಲಿನಿಂದ ಕೆಳಕ್ಕೆ ಕೊಳೆಯುತ್ತಾ ಬರುತ್ತದೆ.

ಸ್ವೀಡನ್ನಿನ ವಾಸಾ ಹಡಗು 1628ರಲ್ಲಿ ಮೊದಲ ಯಾನದಲ್ಲೇ ಮುಳುಗಿತು. 1961ರಲ್ಲಿ ಎತ್ತಿದಾಗ ಬಹುಪಾಲು ಇಡಿಯಾಗಿಯೇ ಸಿಕ್ಕಿತು. ನೀರಿನಡಿ ಶಿಲೀಂಧ್ರಕ್ಕೆ ಬೇಕಾದ ಗಾಳಿ ಇಲ್ಲ. ಅಲ್ಲಿನ ನೀರಿನಲ್ಲಿ ಉಪ್ಪು ಕಡಿಮೆಯಾದ್ದರಿಂದ ಮರ ಕೊರೆಯುವ ಹಡಗುಹುಳುವೂ ಅಲ್ಲಿ ಬದುಕುವುದಿಲ್ಲ. (ಹೆಸರಿಗೆ ಹುಳು, ಜಾತಿಯಲ್ಲಿ ಅದು ಮೃದ್ವಂಗಿ, ಚಿಪ್ಪಿನ ನೆಂಟ.) ಮುನ್ನೂರು ವರ್ಷ ನೀರಿನಡಿ ಬಿದ್ದಿದ್ದ ಹಡಗು ಉಳಿದುಕೊಂಡಿತು. ಜೋಪಾನ ಮಾಡೋಣ ಅಂತ ದಡಕ್ಕೆ ಎಳೆದು, ಗಾಳಿಯಾಡದ ಹಾಗೆ ಟಾರ್ಪಾಲಿನ್ ಬಿಗಿದ ದೋಣಿ ಕೆಲವೇ ವರ್ಷದಲ್ಲಿ ಒಳಗೊಳಗೇ ಮೆತ್ತಗಾಗುತ್ತದೆ.

ದೊಡ್ಡವರ ದೋಣಿಗೂ ಇದು ತಪ್ಪಿದ್ದಲ್ಲ. ಅಮೆರಿಕದ ಅಧ್ಯಕ್ಷರು ಓಡಾಡುತ್ತಿದ್ದ ಸೆಕೋಯಾ ಎಂಬ ಯಾಟ್ ಕಟ್ಟಿದ್ದು 1925ರಲ್ಲಿ, ಉದ್ದ 104 ಅಡಿ. 1977ರಲ್ಲಿ ಆಗಿನ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅದನ್ನು ಮಾರಿಸಿದರು. ಕೈಯಿಂದ ಕೈಗೆ ಹೋಗಿ, ಕೊನೆಗೆ ವರ್ಜೀನಿಯಾದ ದೋಣಿ ಅಂಗಳವೊಂದರಲ್ಲಿ ಕೂತಿತು. ಮಾಲೀಕತ್ವದ ಜಗಳ ಕೋರ್ಟಿಗೆ ಹೋಯಿತು. 2016ರಲ್ಲಿ ನ್ಯಾಯಾಧೀಶರು ಅದರ ಸ್ಥಿತಿ ವಿವರಿಸುತ್ತಾ, ಈಗ ಅದು ರಕೂನ್ ಎಂಬ ಕಾಡುಪ್ರಾಣಿಗಳ ಮನೆಯಾಗಿದೆ ಅಂತ ತೀರ್ಪಿನಲ್ಲೇ ಬರೆದರು. ಅಧ್ಯಕ್ಷರು ಕೂತ ಕಡೆ ರಕೂನ್ ಸಂಸಾರ ಹೂಡುವಷ್ಟು ದೂರ ಬರಲು ಬಿರುಗಾಳಿಯೇನೂ ಬೇಕಾಗಲಿಲ್ಲ. ಯಾರೂ ತಿರುಗಿ ನೋಡದಿದ್ದರೆ ಸಾಕಾಯಿತು.

ಸಣ್ಣ ಸಣ್ಣ ಅಸಡ್ಡೆಗಳೇ ಇಲ್ಲಿ ದೊಡ್ಡ ಬಿಲ್ ಆಗುತ್ತವೆ. ದೋಣಿಯ ತಳದಲ್ಲಿ, ಪಕ್ಕೆಲುಬುಗಳ (ಹಲಗೆಗಳನ್ನು ಒಳಗಿನಿಂದ ಹಿಡಿದಿಡುವ ಬಾಗಿದ ಮರದ ಪಟ್ಟಿಗಳ) ಬುಡದಲ್ಲಿ, ನೀರು ಹರಿದು ಅದನ್ನು ಹೊರಹಾಕುವ ಪಂಪಿನ ಕಡೆ ಹೋಗಲೆಂದು ಸಣ್ಣ ತೂತುಗಳಿರುತ್ತವೆ. ಕೆಲವು ದೋಣಿಗಳಲ್ಲಿ ಆ ತೂತುಗಳ ಮೂಲಕ ಉದ್ದಕ್ಕೂ ಒಂದು ಸಪೂರ ಸರಪಳಿ ಪೋಣಿಸಿರುತ್ತಾರೆ. ಆಗಾಗ ಅದನ್ನು ಹಿಂದೆ ಮುಂದೆ ಎಳೆದರೆ ಕಸ ಬಿಟ್ಟುಕೊಂಡು ನೀರು ಹರಿಯುತ್ತದೆ. ಅಷ್ಟೇ ಕೆಲಸ. ಆ ಸರಪಳಿ ಎಳೆಯುವವರಿಲ್ಲದೆ ಎಷ್ಟು ದೋಣಿಗಳ ಬುಡ ಹೋಗಿದೆಯೋ!

ಸರಿ ಮಾಡುವುದು ಅಂದರೆ ಮೊದಲು ಬಿಚ್ಚುವುದು. ಬಲ್ಲವರು ಬಂದು, ವೈದ್ಯರು ಎದೆ ತಟ್ಟಿ ನೋಡುವ ಹಾಗೆ, ಸಣ್ಣ ಸುತ್ತಿಗೆಯಿಂದ ಹಲಗೆ ಹಲಗೆ ಬಡಿಯುತ್ತಾರೆ. ಗಟ್ಟಿ ಮರ ಟಣ್ ಅನ್ನುತ್ತದೆ, ಕೊಳೆತದ್ದು ದಬ್ ಅನ್ನುತ್ತದೆ. ಹೊಸ ಬಣ್ಣ ಹೊಡೆದ ಕಡೆ ದಬ್ ಅಂದರೆ ಮಾರಿದವನ ಮೇಲೆ ಸಿಟ್ಟು ಬರುವುದು ಸಹಜ. ಒಂದು ಹಲಗೆ ಬಿಚ್ಚಿದರೆ ಪಕ್ಕದ್ದರ ಬಂಡವಾಳವೂ ಬಯಲಾಗುತ್ತದೆ. ಓಕ್ ಮರದ ಪಕ್ಕೆಲುಬಿಗೆ ಕಬ್ಬಿಣದ ಮೊಳೆ ಹೊಡೆದಿದ್ದರಂತೂ ಮುಗಿಯಿತು. ಓಕಿನ ಹುಳಿ ಮೊಳೆಯನ್ನು ತಿನ್ನುತ್ತದೆ, ತುಕ್ಕು ಮರವನ್ನು ತಿನ್ನುತ್ತದೆ. ಸುತ್ತಲೂ ಕಪ್ಪಗಾಗಿರುತ್ತದೆ.

ಕೊಳೆತ ಹಲಗೆಯನ್ನು ಒಡೆದು ಕಿತ್ತೆಸೆಯುವ ಹಾಗಿಲ್ಲ. ಆದಷ್ಟು ಇಡಿಯಾಗಿ ಬಿಚ್ಚಬೇಕು. ಹೊಸ ಹಲಗೆಗೆ ಅಳತೆ ಸಿಗುವುದು ಅದರಿಂದಲೇ. ಪಕ್ಕೆಲುಬು ಮುರಿದಿದ್ದರೆ ಹೊಸ ಓಕ್ ಪಟ್ಟಿಯನ್ನು ಹಬೆ ಪೆಟ್ಟಿಗೆಯಲ್ಲಿ ಬೇಯಿಸುತ್ತಾರೆ, ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ಗಂಟೆ. ಹೊರಗೆ ತೆಗೆದ ಮೇಲೆ ಬಗ್ಗಿಸಲು ಸಿಗುವುದು ಒಂದೆರಡು ನಿಮಿಷ ಅಷ್ಟೇ. ದಪ್ಪ ಕೈಗವಸು ಹಾಕಿಕೊಂಡ ಇಬ್ಬರು ಮೂವರು ಓಡುವುದನ್ನು, ಒಬ್ಬರ ಮೇಲೊಬ್ಬರು ಕೂಗಾಡುವುದನ್ನು ನೋಡಬೇಕು. ತಣ್ಣಗಾದರೆ ಪಟಕ್ ಅಂತ ಮುರಿಯುತ್ತದೆ, ಮತ್ತೆ ಮೊದಲಿನಿಂದ ಶುರು.

ನನಗೆ ಇದರಲ್ಲೆಲ್ಲ ತುಂಬಾ ಇಷ್ಟವಾದದ್ದು ಬಿರಡೆ. ಹಲಗೆಗೆ ಸ್ಕ್ರೂ ಹಾಕಿದ ಮೇಲೆ ಅದರ ತಲೆ ಕಾಣದ ಹಾಗೆ, ಅದೇ ಮರದ ಪುಟ್ಟ ದುಂಡು ಬಿರಡೆಯಿಂದ ಗುಂಡಿ ಮುಚ್ಚುತ್ತಾರೆ. ಬಿರಡೆಯ ಎಳೆ ಹಲಗೆಯ ಎಳೆಯ ದಿಕ್ಕಿಗೇ ಕೂರಬೇಕು. ಅಡ್ಡ ಕೂತರೆ ವಾರ್ನಿಷ್ ಹೊಡೆದ ಮೇಲೆ ಕಣ್ಣಿಗೆ ಕುಕ್ಕುತ್ತದೆ. ಎದ್ದು ನಿಂತ ಭಾಗವನ್ನು ಉಳಿಯಿಂದ ಒಂದೇ ಏಟಿಗೆ ಹಾರಿಸುವುದಿಲ್ಲ. ಮೊದಲು ಸ್ವಲ್ಪ ಮೇಲೆಯೇ ಕತ್ತರಿಸಿ, ಎಳೆ ಯಾವ ಕಡೆ ಸೀಳುತ್ತದೆ ಅಂತ ನೋಡಿಕೊಂಡು, ಆಮೇಲೆ ಆ ಕಡೆಯಿಂದ ಸವರುತ್ತಾರೆ. ಅಂಟಿಸಲು ಬಲವಾದ ಎಪಾಕ್ಸಿ ಇದ್ದರೂ ಅನೇಕರು ಬಿರಡೆಯನ್ನು ವಾರ್ನಿಷ್‌ನಲ್ಲೇ ಅದ್ದಿ ಕೂರಿಸುತ್ತಾರೆ. ಮುಂದೆ ಯಾವತ್ತೋ ಇನ್ಯಾರೋ ಆ ಸ್ಕ್ರೂ ಬಿಚ್ಚಬೇಕಾಗಿ ಬಂದರೆ ಸುಲಭವಾಗಿ ಕಿತ್ತು ಬರಲಿ ಅಂತ. ಆ ಇನ್ಯಾರೋ ಇನ್ನೂ ಹುಟ್ಟಿಯೂ ಇರಲಿಕ್ಕಿಲ್ಲ.

ಹೊಳಪಿನ ಹುಚ್ಚಿನವರ ಬಗ್ಗೆ ಮಾತ್ರ ನನಗೆ ಸ್ವಲ್ಪ ತಕರಾರಿದೆ. ಕಿಟಕಿ ಚೌಕಟ್ಟಿಗೆ ಎಂಟು ಹತ್ತು ಕೋಟ್ ವಾರ್ನಿಷ್ ಬೇಕು ನಿಜ, ಬಿಸಿಲಿಗೆ ಅದು ಬಿರಿದರೆ ನೀರಿಗೆ ದಾರಿಯಾಗುತ್ತದೆ. ಆದರೆ ದೋಣಿಯಂಚಿನ ಕಟಕಟೆಯಲ್ಲಿ ಮುಖ ನೋಡಿಕೊಳ್ಳುವ ಹಾಗೆ ಮಾಡಿ, ಕೆಳಗಿನ ಪಂಪನ್ನು ಮರೆತವರಿಗೆ ಏನು ಹೇಳುವುದು?

ಇಷ್ಟೆಲ್ಲ ಆಗಿ ನೀರಿಗಿಳಿಸುವ ದಿನ ದೋಣಿ ಸೋರುತ್ತದೆ! ಚಪ್ಪಾಳೆ ತಟ್ಟಲು ಬಂದವರ ಎದುರಿಗೇ. ದಡದಲ್ಲಿ ಒಣಗಿದ ಹಲಗೆಗಳು ಕುಗ್ಗಿ ಸಂದಿ ಬಿಟ್ಟಿರುತ್ತವೆ. ಬಲ್ಲವರು ಗಾಬರಿಯಾಗುವುದಿಲ್ಲ. ಕ್ರೇನಿನ ಪಟ್ಟಿ ಬಿಚ್ಚದೆ ರಾತ್ರಿಯಿಡೀ ಹಾಗೇ ಬಿಟ್ಟು, ಪಂಪ್ ಓಡಿಸುತ್ತಾ ಕೂರುತ್ತಾರೆ. ಮರ ನೀರು ಕುಡಿದು ಉಬ್ಬುತ್ತದೆ, ಸಂದಿಯಲ್ಲಿ ತುಂಬಿದ ಹತ್ತಿಯನ್ನು ಅದುಮುತ್ತದೆ, ಸೋರಿಕೆ ತಾನಾಗೇ ಇಳಿಯುತ್ತದೆ. ಅಷ್ಟು ತಾಳ್ಮೆ ಇಲ್ಲದವರು ದಡದಲ್ಲೇ ಒಣ ಸಂದಿಗೆಲ್ಲ ಕಲ್ಲಿನಂಥ ಎಪಾಕ್ಸಿ ತುಂಬಿಬಿಡುತ್ತಾರೆ. ಉಬ್ಬಲು ಜಾಗ ಸಿಗದ ಹಲಗೆ ಆಮೇಲೆ ಒಳಗಿನ ಪಕ್ಕೆಲುಬನ್ನೇ ಮುರಿಯಬಹುದು. ಆಗ ಮತ್ತೆ ಹಬೆ ಪೆಟ್ಟಿಗೆ, ಮತ್ತೆ ಕೈಗವಸು, ಮತ್ತೆ ಅದೇ ಕೂಗಾಟ.