ಅದೇ ಮೇಷ್ಟ್ರು, ಬೇರೆ ಸ್ಥಾನ

ನಮ್ಮಕ್ಕ ಮಂಡ್ಯ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ನಾನಿರುವುದು ಲಾಸ್ ಏಂಜಲೀಸ್ ಹತ್ತಿರ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಮ್ಮಿಬ್ಬರ ಫೋನು ಬೇಗ ಮುಗಿಯುವುದಿಲ್ಲ.

2023ರ ಜಿಲ್ಲಾವಾರು ಪಟ್ಟಿಯಲ್ಲಿ ಚಿತ್ರದುರ್ಗ ಮೊದಲು, ಮಂಡ್ಯ ಎರಡನೆಯದು. ಪತ್ರಿಕೆಯವರು ಮೇಷ್ಟ್ರುಗಳನ್ನು ಹೊಗಳಿದ್ದೇ ಹೊಗಳಿದ್ದು. ಮರುವರ್ಷ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು, ಕೊಠಡಿಯನ್ನು ಅಧಿಕಾರಿಗಳು ದೂರದಿಂದಲೇ ನೇರವಾಗಿ ನೋಡುವ ವೆಬ್‌ಕಾಸ್ಟಿಂಗ್ ಶುರುವಾಯಿತು. ರಾಜ್ಯದ ಫಲಿತಾಂಶ ಶೇ 83.89ರಿಂದ 73.40ಕ್ಕೆ ಇಳಿಯಿತು, ಅದೂ ಗ್ರೇಸ್ ಅಂಕ ಧಾರಾಳವಾಗಿ ಕೊಟ್ಟ ಮೇಲೆ. ಮಂಡ್ಯ ಮೊದಲ ಹತ್ತರಲ್ಲೂ ಇರಲಿಲ್ಲ. ಹೊಗಳಿದ ಬಾಯಲ್ಲೇ ತೆಗಳಿಕೆ ಶುರು.

"ಅದೇ ಬೋರ್ಡು, ಅದೇ ಸೀಮೆಸುಣ್ಣ, ಅದೇ ನಾನು. ಒಂದೇ ವರ್ಷಕ್ಕೆ ಪಾಠ ಮಾಡೋದು ಮರೆತುಬಿಟ್ನೇನೋ?" ಅಂದಳು ಅಕ್ಕ.

ಹಾಗಾದರೆ ಆ ಎರಡನೇ ಸ್ಥಾನ ಏನನ್ನು ಅಳೆದಿತ್ತು? ವರದಿಗಾರ ಮೊದಲು ಕೇಳಬೇಕಾದದ್ದು ಇದನ್ನೇ ಅಲ್ವಾ?

ಇಲ್ಲಿಯವರು ಬುದ್ಧಿವಂತರು ಅಂತ ಹೇಳೋಕೆ ಹೊರಟಿಲ್ಲ. 2010ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಸುಮಾರು 6,000 ಪ್ರೈಮರಿ ಶಾಲೆ ಟೀಚರ್‌ಗಳಿಗೆ ಅವರ ಮಕ್ಕಳ ಪರೀಕ್ಷಾ ಅಂಕ ನೋಡಿ ದರ್ಜೆ ಕೊಟ್ಟು, ಹೆಸರು ಸಮೇತ ಹಾಕಿಬಿಟ್ಟಿತು. ಆ ಸಲ ಗಣೇಶನ ಹಬ್ಬದ ಊಟದಲ್ಲೂ ನಮ್ಮ ಕನ್ನಡದವರಿಗೆ ಅದೇ ಮಾತು. ಎಲೆ ಮುಂದೆ ಕೂತೇ ಮಗುವಿನ ಟೀಚರ್ ಹೆಸರು ಹುಡುಕಿದರು. ನಾನೂ ಹುಡುಕಿದೆ, ಸುಳ್ಳೇಕೆ. ಮರುವರ್ಷ ಕೊಲರಾಡೊ ವಿಶ್ವವಿದ್ಯಾಲಯದವರು ಅದೇ ಅಂಕಗಳನ್ನು ಇನ್ನೊಂದು ಬಗೆಯಲ್ಲಿ ಲೆಕ್ಕ ಹಾಕಿದರು. ರೀಡಿಂಗ್ ಅನ್ನೋ ಪಾಠದ ವಿಷಯದಲ್ಲಿ ಅರ್ಧಕ್ಕಿಂತ ಜಾಸ್ತಿ ಟೀಚರ್‌ಗಳ ದರ್ಜೆಯೇ ಬದಲಾಯಿತು! ಮಕ್ಕಳ ಅಂಕಗಳ ಏರುಪೇರಿನಲ್ಲಿ ಟೀಚರ್ ಪಾಲು ಶೇ 1ರಿಂದ 14 ಅಂತ ಹೆಚ್ಚಿನ ಅಧ್ಯಯನಗಳು ಹೇಳುತ್ತವೆ ಎಂದು ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ಸಂಘ 2014ರಲ್ಲಿ ಹೇಳಿತು. ಅಷ್ಟು ಹೊತ್ತಿಗೆ ಹೆಸರುಗಳು ಬೀದಿಗೆ ಬಿದ್ದಾಗಿತ್ತು.

ಆದರೂ ಆ ಪತ್ರಿಕೆ ಒಂದು ಒಳ್ಳೆ ಪ್ರಶ್ನೆ ಕೇಳಿತ್ತು. ಮಗು ಹೋದ ವರ್ಷ ಎಲ್ಲಿತ್ತು, ಈ ವರ್ಷ ಎಲ್ಲಿಗೆ ಬಂತು? ನಮ್ಮ ಕಡೆ ಇದನ್ನು ಯಾರೂ ಕೇಳಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಜಿಲ್ಲೆಯ ಶಿಕ್ಷಣಾಧಿಕಾರಿ ಡಿಡಿಪಿಐ ಪಟ್ಟಿ ಕೊಡುತ್ತಾರೆ, ಪಟ್ಟಿ ಅಚ್ಚಾಗುತ್ತದೆ. ಖಾಲಿ ಹುದ್ದೆ, ಅತಿಥಿ ಶಿಕ್ಷಕರು, ಗಣತಿ ಕೆಲಸ ಎಲ್ಲ ಒಳಪುಟದ ಬೇರೆ ಸುದ್ದಿ. 2025ರ ದಸರಾ ರಜೆಯಲ್ಲಿ ಮೇಷ್ಟ್ರುಗಳು ಮನೆ ಮನೆ ಸುತ್ತಿ ಸಮೀಕ್ಷೆ ಮಾಡಿದರಲ್ಲ, ಅದೇ ಕಾರಣಕ್ಕೆ ರಜೆಯನ್ನೂ ವಿಸ್ತರಿಸಿದರು. ಆ ಪಾಠದ ದಿನಗಳು ಯಾರ ಲೆಕ್ಕಕ್ಕೆ?

ಅಕ್ಕನ ಕ್ಲಾಸಿನ ಒಬ್ಬ ಹುಡುಗ ಎಂಟನೇ ತರಗತಿಗೆ ಬಂದಾಗ ಭಾಗಾಕಾರ ಬರುತ್ತಿರಲಿಲ್ಲ. ಹತ್ತರಲ್ಲಿ ಗಣಿತಕ್ಕೆ 41 ತೆಗೆದ. ಫಲಿತಾಂಶದ ದಿನ ಫೋನು ಮಾಡಿದ ವರದಿಗಾರರಿಗೆ ಅಕ್ಕ ಅವನ ಕಥೆ ಹೇಳೋಕೆ ಹೋದಳಂತೆ.

"ಅದಿರಲಿ ಮೇಡಂ, ಟಾಪರ್ ಫೋಟೊ ವಾಟ್ಸಾಪ್ ಮಾಡಿ" ಅಂದರಂತೆ.