36×39 ಸೈಟು, ಇಬ್ಬರು ಅಣ್ಣತಮ್ಮಂದಿರು

ಡಬಲ್ಸ್ ಟೆನಿಸ್‌ನಲ್ಲಿ ನೆಟ್ಟಿನ ಈಚೆ ಒಂದು ಜೋಡಿಗೆ ಸಿಗುವ ಜಾಗ 36×39 ಅಡಿ. ಹೆಚ್ಚುಕಮ್ಮಿ ಬೆಂಗಳೂರಿನ ಒಂದು 30×40 ಸೈಟು. ಅಷ್ಟು ಜಾಗದಲ್ಲಿ ಇಬ್ಬರು ಅಣ್ಣತಮ್ಮಂದಿರು ಹೊಂದಿಕೊಂಡು ಹೋಗುವುದು ಎಷ್ಟು ಕಷ್ಟ ಅಂತ ನಮಗೆ ಯಾರಾದರೂ ಹೇಳಿಕೊಡಬೇಕಾ? ಅದಕ್ಕೇ ಒಡಹುಟ್ಟದಿದ್ದರೂ ಅಣ್ಣತಮ್ಮಂದಿರ ಹಾಗೇ ಜಗಳವಾಡಿದ ನಮ್ಮ ಡಬಲ್ಸ್ ಜೋಡಿ ಲಿಯಾಂಡರ್ ಪೇಸ್, ಮಹೇಶ್ ಭೂಪತಿ ಮೇಲೆ ನನಗೆ ಯಾವತ್ತೂ ಸಿಟ್ಟು ಬಂದಿಲ್ಲ.

1999ರಲ್ಲಿ ಇಬ್ಬರೂ ಸೇರಿ ನಾಲ್ಕೂ ಗ್ರ್ಯಾಂಡ್‌ಸ್ಲಾಮ್ ಫೈನಲ್ ಆಡಿದರು, ಎರಡು ಗೆದ್ದರು. ಗೆದ್ದಾಗ ಹಾರಿ ಎದೆಗೆ ಎದೆ ಗುದ್ದುತ್ತಿದ್ದರು. ಆಮೇಲೆ ಪಾಲಾದರು. ಮತ್ತೆ ಕೂಡಿದರು. ಮತ್ತೆ ಪಾಲಾದರು. ಒಲೆ ಬೇರೆಯಾದ ಮೇಲೂ ಹಬ್ಬಕ್ಕೆ ಒಂದೇ ಪಂಕ್ತಿಯಲ್ಲಿ ಕೂರುತ್ತಾರಲ್ಲ, ಹಾಗೆ ಒಲಿಂಪಿಕ್ಸ್ ಬಂದಾಗ ಒಟ್ಟಾಗುತ್ತಿದ್ದರು. 2004ರ ಅಥೆನ್ಸ್‌ನಲ್ಲಿ ಕಂಚು ಕೈತಪ್ಪಿದ್ದು ಕೊನೇ ಸೆಟ್‌ನಲ್ಲಿ 14-16ರಿಂದ. ಈಗಲೂ ಹೊಟ್ಟೆ ಉರಿಯುತ್ತದೆ.

2012ರಲ್ಲಿ ಲಂಡನ್ ಹಬ್ಬ ಬಂತು. ಮನೆ ಹಿರಿಯರ ಜಾಗದಲ್ಲಿ ಕೂತಿದ್ದ ಅಖಿಲ ಭಾರತ ಟೆನಿಸ್ ಸಂಸ್ಥೆ ‘ಪೇಸ್ ಜೊತೆ ಭೂಪತಿ’ ಅಂದಿತು. ಭೂಪತಿ ಒಲ್ಲೆ ಅಂದರು. ‘ಸರಿ, ಬೋಪಣ್ಣ?’ ಕೊಡಗಿನ ರೋಹನ್ ಬೋಪಣ್ಣನೂ ಒಲ್ಲೆ ಅಂದರು. ಇದೇ ಬೋಪಣ್ಣ 2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಅಮೆರಿಕನ್ ಓಪನ್ ಫೈನಲ್ ಆಡಿದವರು! ವಾಘಾ ಗಡಿ ದಾಟಬಹುದು ಸ್ವಾಮಿ, ದಾಯಾದಿಗಳ ಬೇಲಿ ದಾಟೋಕಾಗಲ್ಲ.

ಕೊನೆಗೆ ಪಂಚಾಯ್ತಿ ಎರಡು ಜೋಡಿ ಮಾಡಿತು. ಭೂಪತಿ-ಬೋಪಣ್ಣ ಒಂದು ಕಡೆ. ಪೇಸ್ ಪಾಲಿಗೆ ಸಿಂಗಲ್ಸ್ ರ್‍ಯಾಂಕಿಂಗ್‌ನಲ್ಲಿ 200ರ ಆಚೆಗಿದ್ದ ವಿಷ್ಣುವರ್ಧನ್. ನಮ್ಮ ಸಾಹಸಸಿಂಹ ಅಲ್ಲ, ಹೈದರಾಬಾದಿನ ಹುಡುಗ. ಜೊತೆಗೆ ಮಿಶ್ರ ಡಬಲ್ಸ್‌ಗೆ ಪೇಸ್‌ಗೆ ಸಾನಿಯಾ ಮಿರ್ಜಾ. ಅದೇ ಜೂನ್‌ನಲ್ಲಿ ಸಾನಿಯಾ ಫ್ರೆಂಚ್ ಓಪನ್ ಗೆದ್ದಿದ್ದು ಭೂಪತಿ ಜೊತೆ, ಆದರೆ ಅದನ್ನು ಕೇಳುವವರು ಯಾರು? ಮುನಿಸಿಕೊಂಡವರನ್ನು ಒಲಿಸೋಕೆ ನನ್ನನ್ನು ಗಾಳದ ಹುಳ ಮಾಡಿದ್ದೀರಿ ಅಂತ ಆಕೆ ಬಹಿರಂಗವಾಗಿಯೇ ಹೇಳಿಕೆ ಕೊಟ್ಟರು.

ಲಂಡನ್‌ನಲ್ಲಿ ಪುರುಷರ ಎರಡೂ ಜೋಡಿ ಎರಡನೇ ಸುತ್ತಿನಲ್ಲೇ ಗಂಟುಮೂಟೆ ಕಟ್ಟಿದವು. ಅಷ್ಟರ ಮಟ್ಟಿಗಾದರೂ ಒಗ್ಗಟ್ಟು ಇತ್ತಲ್ಲ, ಅದೇ ಸಮಾಧಾನ.

ಆಮೇಲೆ ಸಂಸ್ಥೆ ಭೂಪತಿ, ಬೋಪಣ್ಣ ಇಬ್ಬರನ್ನೂ ಭಾರತ ತಂಡದಿಂದ ಎರಡು ವರ್ಷ ಹೊರಗಿಟ್ಟಿತು. ಕರ್ನಾಟಕ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಇದರ ಮಜಾ ಬೆಂಗಳೂರಿನವರಿಗೇ ಗೊತ್ತು. ರಾಜ್ಯ ಟೆನಿಸ್ ಸಂಸ್ಥೆಯ ಕೋರ್ಟು ಕಬ್ಬನ್ ಪಾರ್ಕಿನಲ್ಲೇ, ಹೈಕೋರ್ಟೂ ಅದರ ಅಂಚಿನಲ್ಲೇ. ‘ಕೋರ್ಟಿಗೆ ಬಿಡಪ್ಪಾ’ ಅಂದರೆ ಆಟೋದವನು ‘ಯಾವ್ದು ಸಾರ್?’ ಅನ್ನಬೇಕು.

ಡಬಲ್ಸ್‌ನಲ್ಲಿ ನೆಟ್ ಹತ್ತಿರ ನಿಂತವರು ಬೆನ್ನ ಹಿಂದೆ ಕೈಸನ್ನೆ ಮಾಡುವುದನ್ನು ನೋಡಿದ್ದೀರಲ್ವಾ? ಮುಷ್ಟಿ ಕಟ್ಟಿದರೆ ಇಲ್ಲೇ ಇರ್ತೀನಿ, ಅಂಗೈ ಬಿಚ್ಚಿದರೆ ಪಕ್ಕಕ್ಕೆ ಹಾರ್ತೀನಿ. ಎದುರಾಳಿಗೆ ಕಾಣಬಾರದು ಅಂತ ಇಷ್ಟೆಲ್ಲ ಗುಟ್ಟು. 2017ರ ಏಪ್ರಿಲ್‌ನಲ್ಲಿ ಅದೇ ಕಬ್ಬನ್ ಪಾರ್ಕಿನಲ್ಲಿ ಉಜ್ಬೇಕಿಸ್ತಾನದ ವಿರುದ್ಧ ಡೇವಿಸ್ ಕಪ್, ಅಂದರೆ ದೇಶ ದೇಶಗಳ ನಡುವಿನ ಟೆನಿಸ್. ಭೂಪತಿ ಆಗ ತಾನು ಆಡದೆ ಕೂತು ನೋಡುವ ನಾಯಕ. ಆಡುವವರ ಪಟ್ಟಿಯಿಂದ ಪೇಸ್ ಹೊರಗೆ. ಪೇಸ್ ಸಿಟ್ಟಾಗಿ ನಡುವೆಯೇ ಊರು ಬಿಟ್ಟರು. ಭೂಪತಿ ಇಬ್ಬರ ವಾಟ್ಸ್ಆಪ್ ಮಾತುಕತೆಯನ್ನು ತೆಗೆದು ಫೇಸ್‌ಬುಕ್ಕಿಗೆ ಹಾಕಿದರು. ಬೆನ್ನ ಹಿಂದಿನ ಸನ್ನೆಗಳೆಲ್ಲ ಒಮ್ಮೆಗೇ ಗ್ಯಾಲರಿಗೆ ಕಂಡವು.

ಅಂದಹಾಗೆ, ಆ ಡಬಲ್ಸ್ ಪಂದ್ಯವನ್ನು ಬೋಪಣ್ಣ, ಶ್ರೀರಾಮ್ ಬಾಲಾಜಿ ಗೆದ್ದರು. ಭಾರತವೂ ಗೆದ್ದಿತು. ಸ್ಕೋರು ಮಾತ್ರ ಕೇಳಬೇಡಿ, ನಾನೂ ವಾಟ್ಸ್ಆಪ್ ಓದುತ್ತಾ ಕೂತಿದ್ದೆ.